ಇನ್ನೊಂದು ಸಲ, ಮೊದಲಿಂದ

ಸಂಜೆ ಐದಾಯಿತೆಂದರೆ ಹೆಡ್‌ಮೇಷ್ಟ್ರು ಮೂರನೇ ಮಹಡಿಯಿಂದ ಇಳಿದು ಬಂದು ಅಂಗಳದ ಸಿಮೆಂಟು ಬೆಂಚಿನ ಮೇಲೆ ಕೂರುತ್ತಿದ್ದರು. ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ ಆ ಕಟ್ಟಡದಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಕೂತು ಐದು ನಿಮಿಷವಾಗುವುದರೊಳಗೆ ಯಾರಾದರೊಬ್ಬರು ಬಂದು ನಿಲ್ಲುತ್ತಿದ್ದರು. ಹೆಚ್ಚಾಗಿ ಸಣ್ಣ ಮಕ್ಕಳ ತಾಯಂದಿರು, ಅಪರೂಪಕ್ಕೆ ಕೆಲಸ ಮುಗಿಸಿ ಬಂದ ತಂದೆಯರು. ಮಗು ಊಟ ಮಾಡುವುದಿಲ್ಲ, ಹೆಬ್ಬೆರಳು ಚೀಪುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಮೇಷ್ಟ್ರ ಹತ್ತಿರ ಎಲ್ಲದಕ್ಕೂ ಮದ್ದಿತ್ತು.

"ಇಪ್ಪತ್ತು ನಿಮಿಷ ತಟ್ಟೆ ಮುಂದಿಡಿ. ತಿಂದ್ರೆ ತಿಂತು, ಇಲ್ಲಾಂದ್ರೆ ಎತ್ತಿಟ್ಬಿಡಿ. ತುತ್ತು ಹಿಡ್ಕೊಂಡು ಹಿಂದೆ ಹಿಂದೆ ಓಡ್ಬೇಡಿ."

ಅವರು ಹೇಳಿದ ಎಷ್ಟೋ ಮಾತು ಉಪಯೋಗಕ್ಕೆ ಬಂದದ್ದೂ ನಿಜ. ಅದಕ್ಕೇ ಜನ ಮತ್ತೆ ಮತ್ತೆ ಬರುತ್ತಿದ್ದರು. ಒಂದು ಸಂಜೆ ಎದುರಿನ ಲಾಂಡ್ರಿಯವಳು ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

"ಇವ್ಳು ಮಾತೇ ಆಡಲ್ಲ ಮೇಷ್ಟ್ರೇ. ಏನು ಬೇಕಾದ್ರೂ ಬೆರಳು ತೋರಿಸ್ತಾಳೆ."

"ತೋರಿಸಿದ್ದನ್ನ ನೀನು ಕೊಡ್ತೀಯ. ಇನ್ನು ಅವಳ್ಯಾಕೆ ಮಾತಾಡ್ತಾಳೆ? ಬಾಯ್ಬಿಟ್ಟು ಕೇಳೋವರೆಗೂ ಕೊಡ್ಬೇಡ."

"ಅತ್ರೆ ಕರುಳು ಕಿತ್ತು ಬರತ್ತೆ."

"ಒಂದು ವಾರ ಅಳ್ತಾಳೆ. ಎರಡನೇ ವಾರ ಮಾತಾಡ್ತಾಳೆ. ಮೂವತ್ತೆಂಟು ವರ್ಷ ಮಕ್ಕಳನ್ನ ತಿದ್ದಿದೀನಮ್ಮ, ಸುಮ್ನೆ ಹೇಳ್ತಿಲ್ಲ."

ಮನೆಯಲ್ಲಿ ಮೇಷ್ಟ್ರು, ಅವರ ಹೆಂಡತಿ, ಮಗ, ಸೊಸೆ, ನಾಲ್ಕೂವರೆ ವರ್ಷದ ಮೊಮ್ಮಗಳು. ಮಗ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಸೊಸೆ ಅದೇ ಅಂಗಡಿಯ ಮುಂದಿನ ಕೌಂಟರಿನಲ್ಲಿ ಗಿರಾಕಿಗಳನ್ನು ಮಾತನಾಡಿಸುವವಳು. ಮದುವೆಗೆ ಮುಂಚೆ ಒಂದು ವರ್ಷ ಅವರಿಬ್ಬರ ವ್ಯವಹಾರವೆಲ್ಲ ಆರ್ಡರು ಚೀಟಿಯ ಹಿಂಬದಿಯಲ್ಲೇ ನಡೆದಿತ್ತು. ಅವನು ಪೆನ್ಸಿಲ್ಲಿನಲ್ಲಿ ಎರಡು ಸಾಲು ಬರೆದು ಕಳಿಸುತ್ತಿದ್ದ, ಅವಳು ಓದಿ ಒಳಗೊಳಗೇ ನಗುತ್ತಿದ್ದಳು. ಗಂಡ ಮಾತು ಕಡಿಮೆಯ ಮನುಷ್ಯ ಎಂಬುದು ಅವಳಿಗೆ ಮೊದಲಿಂದಲೂ ಇಷ್ಟವಾದ ಗುಣ. "ಇಬ್ಬರ ಪಾಲಿನ ಮಾತೂ ನಾನೇ ಆಡ್ತೀನಿ, ಅವ್ರಿಗ್ಯಾಕೆ ತೊಂದ್ರೆ" ಎಂದು ಗೆಳತಿಯರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಮೊಮ್ಮಗಳು ತಾಯಿಯ ಬಾಯನ್ನೇ ಹೊತ್ತು ಬಂದಿದ್ದಳು. ಎದ್ದ ಗಳಿಗೆಯಿಂದ ಮಲಗುವ ತನಕ ಪಟಪಟ ಸಿಡಿಯುತ್ತಿದ್ದುದರಿಂದ ಅಜ್ಜನೇ ಅವಳಿಗೆ ಚಿನಕುರುಳಿ ಎಂದು ಹೆಸರಿಟ್ಟಿದ್ದರು. ಶಿಶುಶಾಲೆಯಿಂದ ಅವಳನ್ನು ಕರೆತಂದು, ಮಂಡಿನೋವಿದ್ದರೂ ಮೂರು ಮಹಡಿ ಹೆಗಲ ಮೇಲೆ ಹೊತ್ತು ಹತ್ತುತ್ತಿದ್ದವರೂ ಅವರೇ.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅದು ಶುರುವಾಯಿತು. ಸೊಸೆ ಬ್ರೆಡ್ಡಿಗೆ ಜಾಮು ಸವರುತ್ತಿದ್ದಳು.

"ನ-ನ-ನ-ನಂಗೆ ಜಾಮ್ ಬೇಡ" ಎಂದಳು ಚಿನಕುರುಳಿ.

ಸೊಸೆಗೆ ನಗು ಬಂತು. "ಏನೇ ಇದು, ಹಳೇ ಸ್ಕೂಟರು ಸ್ಟಾರ್ಟ್ ಮಾಡ್ದ ಹಾಗೆ!"

ಮಗುವೂ ನಕ್ಕಿತು. ನಗದೆ ಇದ್ದವನು ಅಪ್ಪ ಒಬ್ಬನೇ. ಅವನು ಕೈಯಲ್ಲಿದ್ದ ಚಾಕುವನ್ನು ಮೆಲ್ಲಗೆ ಕೆಳಗಿಟ್ಟ. ಹೆಡ್‌ಮೇಷ್ಟ್ರು ಪೇಪರು ಮಡಿಸಿ ಪಕ್ಕಕ್ಕಿಟ್ಟರು.

"ಚಿನಕುರುಳಿ, ಇಲ್ನೋಡು. ಇನ್ನೊಂದು ಸಲ, ಮೊದಲಿಂದ ಹೇಳು. ನನಗೆ ಜಾಮ್ ಬೇಡ."

"ನ-ನ-ನಂಗೆ..."

"ಊಹೂಂ. ಮೂಗಿನಿಂದ ಉಸಿರು ತಗೋ. ಇನ್ನೊಂದು ಸಲ, ಮೊದಲಿಂದ."

ನಾಲ್ಕನೆಯ ಸಲಕ್ಕೆ ಅವಳು ಸರಿಯಾಗಿ ಹೇಳಿದಳು. ಅಜ್ಜ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮಗ ತಿಂಡಿ ಅರ್ಧಕ್ಕೇ ಬಿಟ್ಟು, ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೋಗಿಯಾಗಿತ್ತು.

ಅಂದಿನಿಂದ ದಿನಾ ಸಂಜೆ ಹಾಲು ಕುಡಿದ ಮೇಲೆ ಪಾಠ. ಚಿನಕುರುಳಿ ಅಜ್ಜನ ಕುರ್ಚಿಯ ಪಕ್ಕ ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಲ್ಲಬೇಕು. ಅಜ್ಜ ಒಂದು ವಾಕ್ಯ ಹೇಳಬೇಕು, ಅವಳು ತಿರುಗಿ ಹೇಳಬೇಕು. ತಡವರಿಸಿದರೆ ಮೊದಲಿಂದ. ತಡವರಿಸದಿದ್ದರೆ ಸ್ಲೇಟಿನ ಮೇಲೆ ಒಂದು ನಕ್ಷತ್ರ. ಪಾಠದಾಚೆಗೂ ಅದೇ ನಿಯಮ: ಹಾಲು ಬೇಕೆಂದರೆ, ಬಾಗಿಲು ತೆಗೆಯಬೇಕೆಂದರೆ, ಬಿದ್ದು ಮಂಡಿ ತರಚಿಕೊಂಡರೂ, ವಾಕ್ಯ ಪೂರ್ತಿ ಸರಿಯಾಗಿ ಬರಬೇಕು. ಮೇಷ್ಟ್ರು ಒಂದು ದಿನವೂ ಗದರಲಿಲ್ಲ. ಅವರು ಶಾಲೆಯಲ್ಲೂ ಗದರುತ್ತಿರಲಿಲ್ಲ. ಬಿಡುತ್ತಲೂ ಇರಲಿಲ್ಲ, ಅಷ್ಟೆ.

"ಅಜ್ಜ, ನಾ-ನಾ-ನಾನು ಇವತ್ತು ಚಿತ್ರ..."

"ಮೊದಲು ಯೋಚಿಸು, ಆಮೇಲೆ ಮಾತಾಡು. ಮೊದಲಿಂದ."

ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದರು. "ಚಿತ್ರ ಬರ್ದೆ ಅಂತ ಗೊತ್ತಾಯ್ತಲ್ಲ. ಏನು ಚಿತ್ರ ಅಂತ ಕೇಳಬಾರ್ದಾ?"

"ನೀನು ಮಧ್ಯ ಬರ್ಬೇಡ್ವೇ."

ಅಜ್ಜಿ ಇನ್ನೊಂದು ಕಾಯಿ ಸುಲಿದರು. ಬಟಾಣಿ ಒಂದೆರಡು ಬೋಗುಣಿಯಾಚೆ ಬಿದ್ದು ಉರುಳಿದವು.

ಎರಡನೇ ವಾರ ಸೊಸೆಗೂ ಮಾವನಿಗೂ ಅಡುಗೆಮನೆಯ ಬಾಗಿಲಲ್ಲಿ ಜಟಾಪಟಿಯಾಯಿತು. ಅವಳು ಕೆಲಸದಿಂದ ಬಂದವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಮಗು ಓಡಿ ಬಂದು ಅವಳ ಮೊಣಕಾಲು ತಬ್ಬಿಕೊಂಡು ಏನೋ ಹೇಳಲು ಹೊರಟು, ಅಜ್ಜನ ಕಡೆ ನೋಡಿ ನಿಲ್ಲಿಸಿತ್ತು.

"ಮಾವ, ಅವಳು ನಾಲ್ಕೂವರೆ ವರ್ಷದ ಮಗು, ನಿಮ್ಮ ಏಳನೇ ಕ್ಲಾಸಲ್ಲ. ನನ್ನ ಹತ್ರ ಮಾತಾಡೋಕೂ ನಿಮ್ಮ ಮುಖ ನೋಡ್ತಾಳೆ."

"ಈಗ ತಿದ್ದಿದ್ರೆ ತಿದ್ದಿದ ಹಾಗೆ. ನಾಳೆ ದೊಡ್ಡ ಶಾಲೇಲಿ ಮಕ್ಕಳು ಅಣಕಿಸಿದ್ರೆ ಆಗ ನೀನೇ ಅಳ್ತಾ ಕೂರ್ತೀಯ."

"ತಾನಾಗೇ ಹೋಗತ್ತೆ ಬಿಡಿ. ನನ್ನ ಚಿಕ್ಕಮ್ಮನ ಮಗಂಗೂ ಹೋಯ್ತು."

"ತಾನಾಗೇ ಏನೂ ಹೋಗಲ್ಲ ತಾಯಿ. ಯಾರೋ ಒಬ್ರು ಕೂತು ಹೋಗಿಸ್ಬೇಕು."

ಸೊಸೆ ಗಂಡನ ಕಡೆ ತಿರುಗಿದಳು. ಅವನು ಸಿಂಕಿನ ಮುಂದೆ ನಿಂತು ಒಂದೇ ತಟ್ಟೆಯನ್ನು ಆಗಿನಿಂದ ಒರೆಸುತ್ತಿದ್ದ. "ನೀವಾದ್ರೂ ಏನಾದ್ರೂ ಹೇಳ್ರೀ."

ಅವನು ಬಾಯಿ ತೆರೆದ, ಮುಚ್ಚಿದ. "ನೋಡೋಣ" ಎಂದ.

"ಏನು ನೋಡೋದು? ಮನೆಗೆ ಬೆಂಕಿ ಬಿದ್ರೂ ನೋಡೋಣ ಅಂತೀರ ನೀವು!"

ಮೂರನೇ ವಾರಕ್ಕೆ ಸ್ಲೇಟಿನ ತುಂಬ ನಕ್ಷತ್ರಗಳಾದವು. ಮೇಷ್ಟ್ರು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು. "ನೋಡಿದ್ಯಾ? ಇವತ್ತು ಇಡೀ ಸಂಜೆ ಒಂದು ಸಲ ಉಗ್ಗಲಿಲ್ಲ."

"ಇಡೀ ಸಂಜೆ ಎಷ್ಟು ಮಾತಾಡಿದ್ಳು, ಅದನ್ನ ನೋಡಿದ್ರಾ?"

"ನಿಂಗೆ ಎಲ್ಲದ್ರಲ್ಲೂ ಒಂದು ಕೊಂಕು."

ಮಗು ಅನ್ನ ಬೇಕಾದರೆ ತಟ್ಟೆ ಮುಂದೆ ತಳ್ಳುತ್ತಿತ್ತು. ಬೇಡವಾದರೆ ತಲೆಯಾಡಿಸುತ್ತಿತ್ತು. ಶಾಲೆಯಲ್ಲಿ ಏನಾಯಿತು ಎಂದರೆ ಭುಜ ಕುಣಿಸುತ್ತಿತ್ತು. ಚಿನಕುರುಳಿ ದೊಡ್ಡವಳಾಗುತ್ತಿದ್ದಾಳೆ, ಗಂಭೀರವಾಗುತ್ತಿದ್ದಾಳೆ ಎಂದು ನೆರೆಯವರು ಹೊಗಳಿದರು.

ಆ ವಾರದ ಕೊನೆಗೆ ಶಿಶುಶಾಲೆಯ ಟೀಚರು ಅಂಗಡಿಗೇ ಫೋನು ಮಾಡಿದರು. ಸೊಸೆ ಗಿರಾಕಿಯನ್ನು ಬಿಟ್ಟು ಓಡಿದಳು. ಮಗು ಬೇರೆ ಯಾರದೋ ಚಡ್ಡಿ ಹಾಕಿಕೊಂಡು ಮೂಲೆಯ ಚಾಪೆಯ ಮೇಲೆ ಕೂತಿತ್ತು. ಒದ್ದೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿತ್ತು.

"ನನ್ನ ಮೇಜಿನ ಹತ್ರ ಬಂದು ನಿಂತಿದ್ಳು" ಎಂದರು ಟೀಚರು. "ನಾನು ಇನ್ನೊಂದು ಮಗೂಗೆ ಶೂ ಲೇಸು ಕಟ್ತಿದ್ದೆ. ಬಾಯಿ ತೆರೀತಾಳೆ, ಶಬ್ದನೇ ಬರ್ತಿಲ್ಲ. ಏನಮ್ಮ ಅಂತ ಕೇಳೋದ್ರೊಳಗೆ ಆಗೋಯ್ತು. ಹತ್ತು ದಿನದಿಂದ ಹಾಜರಿಗೂ ಉತ್ತರ ಕೊಡ್ತಿಲ್ಲ. ಮನೇಲಿ ಏನಾದ್ರೂ ನಡೀತಿದೆಯಾ?"

ಆ ಸಂಜೆ ಸೊಸೆ ಸ್ಲೇಟನ್ನು ಎತ್ತಿ ಬೀರುವಿನ ಮೇಲೆ ಎಸೆದಳು. ಹಾಗೆ ಎಸೆದ ಸದ್ದಿಗೆ ತಾನೇ ಬೆಚ್ಚಿದಳು.

"ಬಾತ್‌ರೂಮಿಗೆ ಹೋಗ್ಬೇಕು ಅಂತ ಕೇಳೋಕೆ ಹೆದರ್ತಾಳೆ ಮಾವ! ತಪ್ಪು ಹೇಳ್ತೀನೇನೋ ಅಂತ! ಇದೇ ಏನು ನೀವು ಕಲಿಸಿದ್ದು?"

"ಅವಳಿಗೆ ಕೆಟ್ಟದಾಗ್ಲಿ ಅಂತ ಮಾಡಿದ್ನಾ ನಾನು?"

"ಅಲ್ಲ. ಅದಕ್ಕೇ ಯಾರಿಗೂ ನಿಮ್ಮನ್ನ ನಿಲ್ಲಿಸೋಕಾಗ್ತಿಲ್ಲ."

ಟೀಚರು ಆಸ್ಪತ್ರೆಯ ಒಂದು ವಿಭಾಗದ ವಿಳಾಸ ಕೊಟ್ಟಿದ್ದರು. ಅಲ್ಲಿ ಮಾತಿನ ತೊಂದರೆ ನೋಡುವ ಹುಡುಗಿಯೊಬ್ಬಳಿದ್ದಳು, ಮೂವತ್ತೂ ಆಗದವಳು. ಮನೆಯಲ್ಲಿ ಇರುವವರೆಲ್ಲ ಬರಬೇಕು ಎಂದು ಅವಳು ಹೇಳಿ ಕಳಿಸಿದ್ದರಿಂದ ಐವರೂ ಹೋದರು. ಕೋಣೆಯಲ್ಲಿ ಕುರ್ಚಿಗಳೆಲ್ಲ ಮಕ್ಕಳ ಅಳತೆಯವು. ಮೇಷ್ಟ್ರು ಮಂಡಿ ಎದೆಗೆ ತಾಗುವಂತೆ ಕೂತರು. ಹುಡುಗಿ ಕೆಳಗೆ ಚಾಪೆಯ ಮೇಲೆ ಕೂತಳು.

"ನೀವು ಮನೇಲಿ ಹೇಗಿರ್ತೀರೋ ಹಾಗೇ ಆಟ ಆಡಿ. ಹತ್ತು ನಿಮಿಷ ನಾನು ಸುಮ್ನೆ ನೋಡ್ತೀನಿ."

ಮರದ ತುಂಡುಗಳನ್ನು ಜೋಡಿಸುವ ಆಟ. ಇದೇನು ಬಣ್ಣ, ಇದು ಎಷ್ಟು, ಇದರ ಮೇಲೆ ಯಾವುದು ಇಡ್ತೀಯ, ಹಾಗಲ್ಲ ಹೀಗೆ, ಹೇಳು ಬಂಗಾರಿ, ಅಕ್ಕಂಗೆ ಹೇಳು. ಹತ್ತು ನಿಮಿಷದ ಮೇಲೆ ಹುಡುಗಿ ತನ್ನ ಹಾಳೆ ನೋಡಿಕೊಂಡು ಹೇಳಿದಳು. "ದೊಡ್ಡವರೆಲ್ಲ ಸೇರಿ ನಲವತ್ತೊಂದು ಪ್ರಶ್ನೆ ಕೇಳಿದ್ರಿ. ಒಂಬತ್ತು ಸಲ ತಿದ್ದಿದ್ರಿ. ಅವಳು ಆಡಿದ್ದು ಆರು ಮಾತು."

ಮೇಷ್ಟ್ರು ಕೈಯಲ್ಲಿದ್ದ ಮರದ ತುಂಡನ್ನು ಕೆಳಗಿಟ್ಟರು.

"ಬಯ್ಯೋಕೆ ಅಂತ ಹೇಳ್ತಿಲ್ಲ, ಎಲ್ಲಾರ ಮನೇಲೂ ಹೀಗೇ. ಇನ್ನೊಂದು ವಿಷಯ. ನಿಮ್ಮ ಕುಟುಂಬದಲ್ಲಿ ಯಾರಿಗಾದ್ರೂ ಉಗ್ಗು ಇದೆಯಾ? ಹಿಂದೆ ಇತ್ತಾ?"

"ನಮ್ಮ ಕಡೆ ಯಾರಿಗೂ ಇಲ್ಲ" ಎಂದಳು ಸೊಸೆ.

"ನಮ್ಮಲ್ಲೂ ಇಲ್ಲ" ಎಂದರು ಮೇಷ್ಟ್ರು.

ಅಜ್ಜಿ ತಮ್ಮ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದರು. ಆಗ ಗೋಡೆಗೆ ಒರಗಿ ನಿಂತಿದ್ದ ಮಗ ಮುಂದೆ ಬಂದ. ಅವನ ಗಂಟಲಿನ ನರ ಉಬ್ಬಿತು, ಕಣ್ಣು ಬಿಗಿಯಾಗಿ ಮುಚ್ಚಿತು.

"ನ... ನ... ನ..."

ಸೊಸೆ ಗಾಬರಿಯಿಂದ ಅವನ ತೋಳು ಹಿಡಿದಳು. ಅವನಿಗೆ ಏನೋ ಆಗುತ್ತಿದೆ ಎಂದುಕೊಂಡಳು. ಹುಡುಗಿ ಮಾತ್ರ ಅಲುಗದೆ ಅವನ ಕಣ್ಣನ್ನೇ ನೋಡುತ್ತ ಕಾದಳು.

"ನ-ನಂಗಿದೆ" ಎಂದ ಅವನು. "ಮೂ-ಮೂ-ಮೂವತ್ತು ವರ್ಷದಿಂದ."

ಮರದ ತುಂಡು ಹಿಡಿದಿದ್ದ ಚಿನಕುರುಳಿ ತಲೆಯೆತ್ತಿದಳು. ಎಷ್ಟೋ ದಿನಗಳ ಮೇಲೆ ಯಾರೂ ಕೇಳದೆ ಅವಳೇ ಆಡಿದ ಮೊದಲ ಮಾತು ಅದು.

"ಅ-ಅ-ಅಪ್ಪಂಗೂ ಹಾಗೇ ಆಗತ್ತಾ?"

"ಹೂಂ ಮಗಳೇ. ದಿ-ದಿನಾ ಆಗತ್ತೆ."

ಮೇಷ್ಟ್ರ ಮುಖ ಕೆಂಪಾಯಿತು. "ಅದು ಚಿಕ್ಕವನಿದ್ದಾಗ ಒಂದಾರು ತಿಂಗಳಿತ್ತು. ನಾನೇ ಕೂರಿಸ್ಕೊಂಡು ಸರಿ ಮಾಡ್ದೆ. ಆಮೇಲೆ ಇವನು ಒಂದು ದಿನ ಉಗ್ಗಿದ್ದು ನಾನು ಕೇಳಿಲ್ಲ."

"ಕೇಳಿಲ್ಲ, ನಿಜ" ಎಂದಳು ಹುಡುಗಿ. ಅವಳ ದನಿಯಲ್ಲಿ ಆರೋಪವಿರಲಿಲ್ಲ. "ನೋಡಿ ಸರ್, ಉಗ್ಗು ಯಾರ ತಪ್ಪಿಂದಾನೂ ಬರಲ್ಲ. ವಂಶದಲ್ಲಿದ್ರೆ ಬರೋದು ಜಾಸ್ತಿ, ಅಷ್ಟೆ. ಎಷ್ಟೋ ಮಕ್ಕಳಿಗೆ ಹೊರಟೂ ಹೋಗತ್ತೆ. ಆದ್ರೆ ಅದಕ್ಕೆ ಹೆದರೋದನ್ನ ಮಾತ್ರ ಮಕ್ಕಳು ನಮ್ಮಿಂದ ಕಲೀತಾರೆ. ಹೆದರಿದೋರು ಉಗ್ಗೋದನ್ನಲ್ಲ, ಮಾತಾಡೋದನ್ನ ಬಿಡ್ತಾರೆ."

ಅವಳು ಮನೆಯಲ್ಲಿ ಮಾಡಬೇಕಾದ್ದನ್ನು ಒಂದೊಂದಾಗಿ ಹೇಳಿದಳು. ದಿನಕ್ಕೆ ಹತ್ತು ನಿಮಿಷ ಒಬ್ಬರೇ ಮಗುವಿನ ಜೊತೆ ಕೂರಬೇಕು. ಪ್ರಶ್ನೆ ಬೇಡ, ತಿದ್ದುವುದು ಬೇಡ, ಅವಳು ಆಡಿದ್ದೇ ಆಟ. ಮಾತು ನಿಂತಾಗ ಬಾಯಿ ನೋಡಬಾರದು, ಕಣ್ಣು ನೋಡಬೇಕು. ಅವಳ ಮಾತನ್ನು ನಾವು ಮುಗಿಸಬಾರದು. ನಿಧಾನ, ಉಸಿರು ತಗೋ, ಯೋಚಿಸಿ ಹೇಳು, ಇವು ಯಾವುವೂ ಬೇಡ. ಅವಳು ನಿಧಾನವಾಗಲಿ ಎನ್ನುವುದಾದರೆ ಮೊದಲು ನಾವು ನಿಧಾನವಾಗಬೇಕು. ಸೊಸೆ ಹಾಳೆಯಲ್ಲಿ ಬರೆದುಕೊಂಡಳು. ಬರೆಯುತ್ತ ಬರೆಯುತ್ತ "ಮೊದಲ ದಿನ ನಾನೇ ಅಲ್ವಾ ಸ್ಕೂಟರು ಅಂತ ನಕ್ಕಿದ್ದು" ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಮನೆಗೆ ಬಂದ ಮೇಲೆ ಅವಳು ಆಲೂಗಡ್ಡೆ ಹೆಚ್ಚುತ್ತಿದ್ದಳು. ಗಂಡ ಪಕ್ಕದಲ್ಲಿ ಸಿಪ್ಪೆ ತೆಗೆಯುತ್ತಿದ್ದ.

"ಆರು ವರ್ಷ" ಎಂದಳು. "ಒಂದೇ ಮಂಚ, ಒಂದೇ ಅಂಗಡಿ, ಆರು ವರ್ಷ ನನ್ನ ಹತ್ರ ಬಚ್ಚಿಟ್ರಿ."

"ಬ-ಬಚ್ಚಿಡೋದೇ ನನ್ನ ಕೆಲಸ ಆಗಿತ್ತು. ಯಾವ ಮಾತು ಸಿಕ್ಕಿಹಾಕ್ಕೊಳತ್ತೆ ಅಂತ ಮುಂಚೇನೇ ಗೊತ್ತಾಗತ್ತೆ. ಬೇ-ಬೇರೆ ಮಾತು ಹುಡುಕ್ತೀನಿ. ಸಿಗದಿದ್ರೆ ಸು-ಸುಮ್ನಾಗ್ತೀನಿ."

ಅವಳ ಚಾಕು ನಿಂತಿತು. "ಅದಕ್ಕೇನಾ ನೀವು ನನ್ನ ಹೆಸರು ಹಿಡಿದು ಯಾವತ್ತೂ ಕರೆದಿಲ್ಲ? ಏ, ಇಲ್ನೋಡು, ಕೇಳ್ತಾ... ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ದೆ."

"ಪ್ರೀತಿನೂ ಹೌದು."

ಆಮೇಲೆ ಅವನು ಸಿಪ್ಪೆ ತೆಗೆಯುವುದನ್ನು ಬಿಟ್ಟು, ಅವಳ ಕಡೆ ತಿರುಗಿ, ಅವಳ ಹೆಸರು ಹೇಳಲು ಹೊರಟ. ಮೊದಲಕ್ಷರ ಐದಾರು ಸಲ ಬಂದು ತುಟಿಗೆ ಬಡಿದು ಹಿಂದೆ ಹೋಯಿತು. ಅವಳು ಹಾಳೆಯಲ್ಲಿ ಬರೆದುಕೊಂಡಿದ್ದಂತೆ ಕಣ್ಣನ್ನೇ ನೋಡುತ್ತ ಕಾದಳು. ಹೆಸರು ಪೂರ್ತಿ ಬಂದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಈರುಳ್ಳಿಯೂ ಇರಲಿಲ್ಲ, ನೆಪ ಹೇಳಲು.

ಅತ್ತ ನಡುಮನೆಯಲ್ಲಿ ಮೇಷ್ಟ್ರು ಹೆಂಡತಿಯ ಮೇಲೆ ಸಿಡುಕುತ್ತಿದ್ದರು. "ಆ ಹುಡುಗಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ. ನನ್ನ ಕೈಲಿ ಎಷ್ಟು ಸಾವಿರ ಮಕ್ಕಳು ಮಾತು ಕಲ್ತಿದಾರೆ!"

ಅಜ್ಜಿ ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. "ಅವನು ಹತ್ತು ವರ್ಷದವನಿದ್ದಾಗ ಲೆಕ್ಕದ ಪುಸ್ತಕದ ಹಿಂದೆ ಒಂದು ಪಟ್ಟಿ ಬರ್ದಿಟ್ಟಿದ್ದ. ಹೇಳೋಕಾಗದ ಮಾತು ಒಂದು ಕಡೆ, ಅದರ ಬದ್ಲು ಹೇಳ್ಬೇಕಾದ ಮಾತು ಇನ್ನೊಂದು ಕಡೆ. ಮೂರು ಪುಟ ಇತ್ತು. ಕೆಲವಕ್ಕೆ ಬದ್ಲು ಮಾತೇ ಸಿಕ್ಕಿರಲಿಲ್ಲ, ಖಾಲಿ ಬಿಟ್ಟಿದ್ದ. ನಾನು ನೋಡ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಪಟ್ಟೀನೂ ತಿದ್ದೋಕೆ ಕೂರ್ತಿದ್ರಿ."

ಮೇಷ್ಟ್ರು ಏನೋ ಹೇಳಲು ಹೋದರು. ಅಜ್ಜಿ ಕೈ ಅಡ್ಡ ಹಿಡಿದರು. "ನಿಮ್ಮೊಬ್ಬರದೇ ತಪ್ಪು ಅಂತಿಲ್ಲ. ನೀವು ಗೊತ್ತಿಲ್ದೆ ಮಾಡಿದ್ರಿ. ನಾನು ಗೊತ್ತಿದ್ದೂ ಬಾಯ್ಮುಚ್ಕೊಂಡಿದ್ದೆ. ಯಾರದು ಹೆಚ್ಚು ಅಂತ ನೀವೇ ಹೇಳಿ." ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮರುದಿನದಿಂದ ಹತ್ತು ನಿಮಿಷದ ಆಟ ಶುರುವಾಯಿತು. ಅಜ್ಜಿಗೆ ಅದು ಸಲೀಸಾಗಿ ಬಂತು. ಸೊಸೆ ನಾಲಿಗೆ ಕಚ್ಚಿಕೊಂಡು ಕಲಿತಳು. ಮೇಷ್ಟ್ರ ಸರದಿ ಬಂದಾಗ ಅವರು ಪ್ಯಾಂಟು ಮೇಲೆತ್ತಿಕೊಂಡು ಕಷ್ಟಪಟ್ಟು ನೆಲದ ಮೇಲೆ ಕೂತರು. ಚಿನಕುರುಳಿ ಗೊಂಬೆಗೆ ಸ್ನಾನ ಮಾಡಿಸುತ್ತಿದ್ದಳು. ಎರಡು ನಿಮಿಷ ಸುಮ್ಮನಿದ್ದರು. ಮೂರನೇ ನಿಮಿಷಕ್ಕೆ ರೂಢಿಬಲದಿಂದ ಬಾಯಿಗೆ ಬಂದೇಬಿಟ್ಟಿತು. "ಈ ಟವಲ್ಲು ಯಾವ ಬಣ್ಣ ಪುಟ್ಟಾ?"

ಮಗು ಗೊಂಬೆಯನ್ನು ಕೆಳಗಿಟ್ಟಿತು. ಎದ್ದು, ಅಜ್ಜನ ಖಾಲಿ ಕುರ್ಚಿಯ ಪಕ್ಕ ಹೋಗಿ, ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತಿತು.

ಮೇಷ್ಟ್ರಿಗೆ ನೆಲದಿಂದ ತಕ್ಷಣ ಏಳಲಾಗಲಿಲ್ಲ. "ಬೇಡ, ಬಾ. ಬಾರೇ ಇಲ್ಲಿ. ಪಾಠ ಅಲ್ಲ" ಎಂದು ಕೂತಲ್ಲಿಂದಲೇ ಕೈ ಚಾಚಿದರು. ಮಗುವಿಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಆ ಸಂಜೆ ಅವರು ಬೆಂಚಿಗೆ ಹೋಗಲಿಲ್ಲ. ನೇರ ಲಾಂಡ್ರಿಗೆ ಹೋದರು. ಲಾಂಡ್ರಿಯವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಮುಖವರಳಿಸಿದಳು.

"ನಾನೇ ಬರ್ಬೇಕು ಅಂತಿದ್ದೆ ಮೇಷ್ಟ್ರೇ! ನೀವು ಹೇಳಿದ್ದು ಎಷ್ಟು ಚೆನ್ನಾಗಿ ನಾಟ್ತು ಗೊತ್ತಾ? ಐದು ದಿನ ಅತ್ಲು. ಈಗ ಹಟನೇ ಇಲ್ಲ. ಏನೂ ಕೇಳೋದೇ ಇಲ್ಲ."

ಮಗು ಇಸ್ತ್ರಿ ಮೇಜಿನ ಕೆಳಗೆ ಗುಂಡಿಗಳ ಡಬ್ಬಿ ಇಟ್ಟುಕೊಂಡು ಕೂತಿತ್ತು. ಬೆರಳು ತೋರಿಸುವುದನ್ನೂ ಬಿಟ್ಟಿತ್ತು.

"ನಾನು ಹೇಳಿದ್ದು ತಪ್ಪಮ್ಮ" ಎಂದರು ಮೇಷ್ಟ್ರು. "ಕೇಳದಿದ್ರೂ ಕೊಡು. ಬೆರಳು ತೋರಿಸಿದ್ರೆ ನೀನೇ ಅದರ ಹೆಸರು ಹೇಳಿ ಕೊಡು. ಇಲ್ಲೊಂದು ವಿಳಾಸ ಇದೆ, ಅಲ್ಲಿಗೊಂದ್ಸಲ ಕರ್ಕೊಂಡು ಹೋಗು. ಕಿವಿ ಸರಿಯಾಗಿ ಕೇಳತ್ತಾ ಅಂತಾನೂ ನೋಡಿಸು."

"ಅಯ್ಯೋ ಬಿಡಿ, ಚೆನ್ನಾಗೇ ಇದಾಳಲ್ಲ. ನಿಮಗಿಂತ ಹೆಚ್ಚು ಗೊತ್ತಿರೋರು ಯಾರಿದಾರೆ?"

ಅವರು ಮತ್ತೆ ಮತ್ತೆ ಹೇಳಿದರು. ಅವಳು ನಗುತ್ತಲೇ ವಿಳಾಸದ ಚೀಟಿಯನ್ನು ಬಟ್ಟೆಯ ಚೀಟಿಗಳ ಜೊತೆ ಡಬ್ಬಿಗೆ ಹಾಕಿದಳು. ಮೂರು ದಿನ ಬಿಟ್ಟು ಹೋದರೂ, ಹತ್ತು ದಿನ ಬಿಟ್ಟು ಹೋದರೂ ಅದೇ ನಗು, ಹೋಗ್ತೀನಿ ಮೇಷ್ಟ್ರೇ, ಬಿಡುವಾಗ್ಲಿ. ಅವರು ಬೆಂಚಿನಲ್ಲಿ ಕೂರುವುದನ್ನು ನಿಲ್ಲಿಸಿದರು. ಯಾರಾದರೂ ಮೆಟ್ಟಿಲಲ್ಲಿ ಹಿಡಿದು ಕೇಳಿದರೆ "ನನಗೆ ಗೊತ್ತಿಲ್ಲಪ್ಪ" ಎನ್ನುತ್ತಿದ್ದರು. ಹುಷಾರಿಲ್ಲವೇನೋ ಎಂದು ಜನ ಕನಿಕರಪಟ್ಟರು.

ಎರಡು ತಿಂಗಳಾಗುವ ಹೊತ್ತಿಗೆ ಚಿನಕುರುಳಿ ಮತ್ತೆ ಮಾತಾಡತೊಡಗಿದಳು. ಉಗ್ಗು ಪೂರ್ತಿ ಹೋಗಿರಲಿಲ್ಲ. ಕೆಲವು ದಿನ ಜಾಸ್ತಿ, ಕೆಲವು ದಿನ ಇಲ್ಲವೇ ಇಲ್ಲ. ಹಾಜರಿಗೆ "ಬಂ-ಬಂದೆ ಟೀಚರ್" ಎಂದು ಕೂಗುತ್ತಾಳೆಂದು ಟೀಚರು ಹೇಳಿದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಮಗಳು ಕೋಣೆಯಲ್ಲಿ ಕೂತು ಒಂದು ಕತೆ ಕಟ್ಟುತ್ತಿದ್ದರು. ಅಪ್ಪ ಒಂದು ಸಾಲು, ಮಗಳು ಒಂದು ಸಾಲು.

ಅಂಥ ಒಂದು ಮಧ್ಯಾಹ್ನ ಮೇಷ್ಟ್ರು ಮಡಿಸಿದ ಬಟ್ಟೆ ಇಡಲು ಆ ಕಡೆ ಹೋದರು. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಮಗನ ದನಿ. ಆನೆಯೊಂದು ಬಸ್ಸು ಹತ್ತಿ ಟಿಕೆಟ್ಟಿಗಾಗಿ ಕಂಡಕ್ಟರನ ಜೊತೆ ಜಗಳ ಆಡುತ್ತಿತ್ತು. ಮಗ ಅಡಿಗಡಿಗೆ ಉಗ್ಗುತ್ತಿದ್ದ, ಆನೆಯ ದನಿ ಮಾಡುತ್ತಿದ್ದ, ನಗುತ್ತಿದ್ದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದನ್ನು ಮೇಷ್ಟ್ರು ಅವನ ಮೂವತ್ತನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಇವನಿಗೆ ಇಷ್ಟು ತಮಾಷೆ ಬರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಖುಷಿ ತಡೆಯಲಾರದೆ ಬಾಗಿಲು ದೂಡಿದರು.

ಮಗನ ಮಾತು ನಿಂತಿತು.

"ಮುಂದುವರಿಸೋ, ಆನೆಗೇನಾಯ್ತು?"

"ಏನಿಲ್ಲಪ್ಪ. ಮುಗೀತು" ಎಂದು ಮಗ ಎದ್ದು ಅವರ ಕೈಯಿಂದ ಬಟ್ಟೆ ಇಸಿದುಕೊಂಡ.

ಆ ವಾರವೆಲ್ಲ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಮಗ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಹಿಂದೆಯೇ ಹತ್ತಿ ಹೋದರು. ಹಗ್ಗದ ಆಚೆ ಅವನು, ಈಚೆ ಇವರು.

"ನಿನ್ನ ಹತ್ರ ಒಂದು ಮಾತಾಡ್ಬೇಕಿತ್ತು ಕಣೋ."

ಮಗ ಕ್ಲಿಪ್ಪು ಹಿಡಿದು ನಿಂತ.

"ನಾನು ನಿನಗೆ ಅನ್ಯಾಯ ಮಾಡ್ಬಿಟ್ಟೆ. ನಿನ್ನನ್ನ ಸರಿ ಮಾಡ್ದೆ ಅಂತ ಇಷ್ಟು ವರ್ಷ ಹೆಮ್ಮೆಪಟ್ಕೊಂಡೆ. ನೀನು ಸುಮ್ನಾಗಿದ್ದೆ ಅಷ್ಟೆ. ನನಗೆ ಅದು ತಿಳೀಲಿಲ್ಲ."

"ಒ-ಒಳ್ಳೇದಕ್ಕೇ ಅಂತ ಮಾಡಿದ್ರಿ."

"ಒಳ್ಳೇದಕ್ಕೆ ಅಂತ ಮಾಡಿದ್ರಿಂದಲೇ ನಿಲ್ಲಿಸ್ಲಿಲ್ಲ. ಕೋಪಕ್ಕೆ ಮಾಡಿದ್ರೆ ಯಾವತ್ತಾದ್ರೂ ನಿಲ್ಲಿಸ್ತಿದ್ದೆ."

ಮಗ ಒಂದು ಅಂಗಿಯನ್ನು ಕೊಡವಿ ಹರವಿದ. ಗಾಳಿಗೆ ಅದು ಇಬ್ಬರ ನಡುವೆ ಉಬ್ಬಿತು, ಇಳಿಯಿತು. ಅವನು ಅದನ್ನು ಪಕ್ಕಕ್ಕೆ ಸರಿಸಿ ತಂದೆಯ ಮುಖ ನೋಡಿದ. ಏನೋ ಹೇಳಬೇಕೆಂದು ನಿರ್ಧರಿಸಿದವನಂತೆ ಕಂಡ.

"ಅಪ್ಪ, ಆಗೆಲ್ಲ ನಂಗೆ ನಿ-ನಿಮ್ಮ ಹತ್ರ ಒಂದೇ ಒಂದು ಸಲ ಕ... ಕ..."

ಅವನ ಕಣ್ಣು ಬಿಗಿಯಾಯಿತು. ಕತ್ತಿನ ನರ ಎದ್ದಿತು. ಮೇಷ್ಟ್ರು ಅವನ ಕಣ್ಣನ್ನೇ ನೋಡಿದರು. ಕಾಯಬೇಕೆಂದು ಅವರಿಗೆ ಗೊತ್ತಿತ್ತು. ಹಾಳೆಯಲ್ಲಿದ್ದುದೆಲ್ಲ ಬಾಯಿಪಾಠವಾಗಿತ್ತು. ಆದರೆ ಮಗನ ಮುಖದ ಮೇಲಿನ ಆ ಒದ್ದಾಟ ನೋಡಲಾಗಲಿಲ್ಲ.

"ಕ... ಕ... ಕ..."

"ಕಷ್ಟ ಹೇಳ್ಕೋಬೇಕು ಅನ್ನಿಸ್ತಿತ್ತಾ?" ಎಂದುಬಿಟ್ಟರು.

ಮಗನ ಮುಖದ ಬಿಗಿ ಸಡಿಲಿತು. ಬಾಯಿ ಮುಚ್ಚಿತು. ಅವನು ತಂದೆಯನ್ನು ಸ್ವಲ್ಪ ಹೊತ್ತು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಹೂಂ ಅಪ್ಪ" ಎಂದ. "ಅದೇ."

ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಅಲ್ಲ ಕಣೋ, ಹೇಳು. ನಾನು ಕಾಯ್ತೀನಿ. ಇನ್ನೊಂದು ಸಲ..." ಎಂದವರು ತಮ್ಮ ಮಾತು ತಮಗೇ ಕೇಳಿಸಿ ಅಲ್ಲಿಗೇ ನಿಂತರು.

"ಇರ್ಲಿ ಬಿಡಿ. ಬಿಸಿಲು ಜಾಸ್ತಿಯಾಯ್ತು, ನೀವು ಕೆಳಗೆ ಬನ್ನಿ" ಎಂದು ಮಗ ಅವರ ಭುಜ ಮುಟ್ಟಿ ಮೆಟ್ಟಿಲಿಳಿದ.

ಮೇಷ್ಟ್ರು ಇಳಿಯಲಿಲ್ಲ. ಬಕೆಟ್ಟಿನಲ್ಲಿ ಇನ್ನೂ ಬಟ್ಟೆ ಉಳಿದಿತ್ತು. ಒಂದೊಂದನ್ನೇ ತೆಗೆದು ಹಿಂಡಿ ಹರವತೊಡಗಿದರು. ಕತೆ ಹೇಳಬೇಕು ಎಂದಿದ್ದನೇ? ಕನಸು ಬಿದ್ದದ್ದು ಹೇಳಬೇಕಿತ್ತೇ? ಕೋಪವೇ? ಕೈ ಹಿಡಿಯಬೇಕಿತ್ತೇ? ಕೇಳಬೇಕಿತ್ತೇ, ಏನನ್ನೋ? ಆ ಅಕ್ಷರದಿಂದ ಶುರುವಾಗುವ ಮಾತು ಅವರಿಗೆ ನೂರಾರು ಗೊತ್ತಿದ್ದವು. ಬಕೆಟ್ಟು ಖಾಲಿಯಾಗುವವರೆಗೂ ಒಂದೊಂದನ್ನೇ ಹೇಳಿ ನೋಡಿದರು. ಯಾವುದು ಸರಿ ಎನ್ನುವವನು ಕೆಳಗಿದ್ದ.